ಬೆಂಗಳೂರಿನ 15ರ ಹುಡುಗ ಚೆಸ್ ‘ವಿಶ್ವ ಚಾಂಪಿಯನ್’ ಆಗಿದ್ದು ನಿಜವೇ? ಫಾರ್ವರ್ಡ್ ಮಾಡುವ ಮುನ್ನ ತಿಳಿಯಬೇಕಾದದ್ದು

ಚೆಸ್ ಬೋರ್ಡಿನ ಮುಂದೆ ಕುಳಿತ ಹುಡುಗನ ಫೋಟೊ, ಅದರ ಕೆಳಗೆ ಒಂದಷ್ಟು ಸಾಲು. ಬೆಂಗಳೂರಿನ 15 ವರ್ಷದ ಪ್ರಣವ್ ಆನಂದ್ ಚೆಸ್ ವಿಶ್ವ ಚಾಂಪಿಯನ್ ಆಗಿದ್ದಾನೆ. ಜಗತ್ತಿನಲ್ಲಿ ಅವನದು 76ನೇ ಸ್ಥಾನ. ಅವನು ವಿಶ್ವನಾಥನ್ ಆನಂದ್ ಅವರ ಮಗ. ಚೆಸ್ ಆಡುವ ಮಕ್ಕಳಿಗೆ ಗಣಿತದಲ್ಲಿ ನೂರಕ್ಕೆ ನೂರು ಬರುತ್ತದೆ. ಕುಳಿತು ಆಡಿದರೂ ದಿನಕ್ಕೆ 6,000 ಕ್ಯಾಲೊರಿ ಖರ್ಚಾಗುತ್ತದೆ. ಕೊನೆಯಲ್ಲಿ ಎಂದಿನಂತೆ, ಹತ್ತು ಗುಂಪಿಗೆ ಕಳಿಸಿ ಎಂಬ ಮನವಿ. ದಿನಾಂಕ ಮಾತ್ರ ಎಲ್ಲೂ ಇಲ್ಲ.

ಹಾನಗಲ್, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ಓದುಗರು ಈ ಅರ್ಥದ ಸಂದೇಶಗಳನ್ನು ಪರಿಶೀಲನೆಗಾಗಿ ನಮಗೆ ಕಳಿಸಿದ್ದಾರೆ. ಹೆಮ್ಮೆಪಡುವ ಸುದ್ದಿ, ತಪ್ಪಿದ್ದರೂ ಯಾರಿಗೇನು ನಷ್ಟ ಎಂದು ನಮಗೂ ಮೊದಲು ಅನ್ನಿಸಿತ್ತು. ಆದರೆ ಹಾನಗಲ್ ಕಡೆಯ ಒಬ್ಬ ತಾಯಿ ಸಂದೇಶದ ಜೊತೆಗೆ ಧ್ವನಿಮುದ್ರಿಕೆಯನ್ನೂ ಕಳಿಸಿದ್ದರು. “ನಮ್ಮ ಹುಡುಗ ಐದನೇತ್ತೆ ಅದಾನ್ರಿ, ಚೆಸ್ ಛಲೋ ಆಡ್ತಾನ. ಈ ಮೆಸೇಜ್ ನೋಡಿದಾಗಿಂದ ಸಾಲಿ ಬಿಡಿಸಿ ಬೆಂಗಳೂರಾಗ ಇಡೂಣು ಅಂತ ಅವರಪ್ಪ ಹಟಾ ಹಿಡದಾರ. ಇದರಾಗ ಇರೋದು ಖರೆ ಐತೇನ್ರಿ?”

ಒಂದು ಮನೆಯವರು ಮಗುವಿನ ಶಾಲೆಯನ್ನೇ ಬಿಡಿಸಲು ಯೋಚಿಸುತ್ತಿದ್ದಾರೆ ಎಂದಾಗ ಸಂದೇಶವನ್ನು ‘ನಿಜ’ ಅಥವಾ ‘ಸುಳ್ಳು’ ಎಂದು ಒಂದೇ ಪದದಲ್ಲಿ ಮುಗಿಸಲು ಆಗುವುದಿಲ್ಲ. ಹಾಗಾಗಿ ಒಂದೊಂದು ಮಾತನ್ನೂ ಬೇರೆ ಬೇರೆಯಾಗಿ ನೋಡಿದ್ದೇವೆ.

ಸಂಕ್ಷಿಪ್ತವಾಗಿ

• ಪ್ರಣವ್ ಆನಂದ್ ವಿಶ್ವ ಚಾಂಪಿಯನ್: ಅರ್ಧ ನಿಜ. 2022ರಲ್ಲಿ 16 ವರ್ಷದೊಳಗಿನವರ ವಿಭಾಗದಲ್ಲಿ ಗೆದ್ದರು.
• ಜಗತ್ತಿನಲ್ಲಿ 76ನೇ ಸ್ಥಾನ: ತಪ್ಪು. ಅವರು ಭಾರತದ 76ನೇ ಗ್ರ್ಯಾಂಡ್‌ಮಾಸ್ಟರ್. ಅದು ರ‍್ಯಾಂಕ್ ಅಲ್ಲ.
• ವಿಶ್ವನಾಥನ್ ಆನಂದ್ ಅವರ ಮಗ: ಸುಳ್ಳು.
• ಚೆಸ್ ಆಡಿದರೆ ಗಣಿತದ ಅಂಕ ಏರುತ್ತದೆ: ದೊಡ್ಡ ಅಧ್ಯಯನದಲ್ಲಿ ಸಾಬೀತಾಗಿಲ್ಲ.
• ದಿನಕ್ಕೆ 6,000 ಕ್ಯಾಲೊರಿ: ಅಳತೆ ಮಾಡಿ ಹೇಳಿದ ಸಂಖ್ಯೆ ಅಲ್ಲ.

ಮೊದಲು, ನಿಜವಾಗಿ ನಡೆದದ್ದೇನು?

2022ರ ಸೆಪ್ಟೆಂಬರ್‌ನಲ್ಲಿ ರೊಮೇನಿಯಾ ದೇಶದ ಮಮಾಯಾ ಎಂಬ ಸಮುದ್ರತೀರದ ಊರಿನಲ್ಲಿ ವಿಶ್ವ ಯೂತ್ ಚೆಸ್ ಚಾಂಪಿಯನ್‌ಶಿಪ್ ನಡೆಯಿತು. ಇದನ್ನು ನಡೆಸುವುದು ಫಿಡೆ. ಕ್ರಿಕೆಟ್‌ಗೆ ಐಸಿಸಿ ಇರುವಂತೆ ಚೆಸ್‌ಗೆ ಫಿಡೆ. 1924ರಲ್ಲಿ ಪ್ಯಾರಿಸ್‌ನಲ್ಲಿ ಸ್ಥಾಪನೆಯಾದ ಸಂಸ್ಥೆ. ಮಮಾಯಾದಲ್ಲಿ 14, 16 ಮತ್ತು 18 ವರ್ಷದೊಳಗಿನವರ ವಿಭಾಗಗಳಿದ್ದವು. 16ರೊಳಗಿನ ಮುಕ್ತ ವಿಭಾಗದಲ್ಲಿ ಬೆಂಗಳೂರಿನ ಪ್ರಣವ್ ಆನಂದ್ ಚಿನ್ನ ಗೆದ್ದರು. ಅದೇ ಟೂರ್ನಿ ನಡೆಯುತ್ತಿದ್ದಾಗಲೇ ಅವರ ರೇಟಿಂಗ್ 2500 ದಾಟಿತು, ಗ್ರ್ಯಾಂಡ್‌ಮಾಸ್ಟರ್ ಪಟ್ಟಕ್ಕೆ ಬಾಕಿ ಇದ್ದ ಕೊನೆಯ ಷರತ್ತೂ ಪೂರೈಸಿತು. ಹೀಗೆ ಒಂದೇ ಊರಿನಲ್ಲಿ, ಕೆಲವೇ ದಿನಗಳ ಅಂತರದಲ್ಲಿ ಎರಡು ಸಾಧನೆ.

ಈ ಟೂರ್ನಿ ನಮ್ಮ ಕಬಡ್ಡಿ ಪಂದ್ಯಾವಳಿಯ ನಾಕೌಟ್‌ನಂತಲ್ಲ. ಒಂದು ಸಲ ಸೋತರೆ ಮನೆಗೆ ಹೋಗಬೇಕಿಲ್ಲ. 11 ಸುತ್ತುಗಳನ್ನೂ ಎಲ್ಲರೂ ಆಡುತ್ತಾರೆ. ಗೆದ್ದರೆ 1 ಅಂಕ, ಡ್ರಾ ಆದರೆ ಅರ್ಧ. ಪ್ರತಿ ಸುತ್ತಿನಲ್ಲೂ ಸಮಾನ ಅಂಕ ಇರುವವರನ್ನೇ ಎದುರು ಬದುರು ಕೂರಿಸುತ್ತಾರೆ. ಇದಕ್ಕೆ ಸ್ವಿಸ್ ಪದ್ಧತಿ ಎನ್ನುತ್ತಾರೆ. ಅಂದರೆ ಗೆಲ್ಲುತ್ತಾ ಹೋದಂತೆ ಎದುರಾಳಿ ಇನ್ನಷ್ಟು ಗಟ್ಟಿಯಾಗುತ್ತಾ ಹೋಗುತ್ತಾನೆ. ಒಂದೊಂದು ಆಟ ನಾಲ್ಕೈದು ಗಂಟೆ ಹಿಡಿಯುವುದೂ ಉಂಟು. ಇಂಥ ಕಡೆ ಮೊದಲ ಸ್ಥಾನ ಪಡೆಯುವುದು ದೊಡ್ಡ ಮಾತು. ಸಂದೇಶದಲ್ಲಿರುವ ಹೆಮ್ಮೆಗೆ ಆಧಾರ ಇದೆ. ಅಳತೆ ತಪ್ಪಿದೆ ಅಷ್ಟೆ.

ವರ್ಷಕ್ಕೆ ಎಷ್ಟು ಜನ ‘ವಿಶ್ವ ಚಾಂಪಿಯನ್’?

ಕುಸ್ತಿಯಲ್ಲಿ ತೂಕದ ಗುಂಪುಗಳಿವೆ. 57 ಕಿಲೊ ವಿಭಾಗದಲ್ಲಿ ಗೆದ್ದವರೂ ಚಾಂಪಿಯನ್, 125 ಕಿಲೊ ವಿಭಾಗದಲ್ಲಿ ಗೆದ್ದವರೂ ಚಾಂಪಿಯನ್. ಚೆಸ್‌ನಲ್ಲಿ ವಯಸ್ಸಿನ ಗುಂಪುಗಳು. 8, 10 ಮತ್ತು 12 ವರ್ಷದೊಳಗಿನವರದು ಕೆಡೆಟ್ ವಿಭಾಗ. 14, 16 ಮತ್ತು 18ರೊಳಗಿನವರದು ಯೂತ್. 20ರೊಳಗಿನವರದು ಜೂನಿಯರ್. ಒಟ್ಟು ಏಳು ಗುಂಪು. ಪ್ರತಿಯೊಂದರಲ್ಲೂ ಮುಕ್ತ ವಿಭಾಗ, ಬಾಲಕಿಯರ ವಿಭಾಗ ಎಂದು ಎರಡೆರಡು. ಅಲ್ಲಿಗೆ ದೀರ್ಘ ಅವಧಿಯ ಚೆಸ್‌ನಲ್ಲೇ ವರ್ಷಕ್ಕೆ 14 ಮಕ್ಕಳು, ಯುವಕ ಯುವತಿಯರು ವಿಶ್ವ ಚಾಂಪಿಯನ್ ಆಗಬಹುದು. ವೇಗದ ಆಟವಾದ ರ‍್ಯಾಪಿಡ್ ಮತ್ತು ಬ್ಲಿಟ್ಜ್ ಸೇರಿಸಿದರೆ ಇನ್ನೂ ಹೆಚ್ಚು.

ಇವೆಲ್ಲಕ್ಕಿಂತ ಬೇರೆಯದು, ವಯಸ್ಸಿನ ಮಿತಿಯೇ ಇಲ್ಲದ ವಿಶ್ವ ಚಾಂಪಿಯನ್‌ಶಿಪ್. ವಿಶ್ವನಾಥನ್ ಆನಂದ್ ಗೆದ್ದದ್ದು, 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಚೆನ್ನೈನ ಡಿ. ಗುಕೇಶ್ ಗೆದ್ದದ್ದು ಇದನ್ನು. ಎರಡನ್ನೂ ‘ವಿಶ್ವ ಚಾಂಪಿಯನ್’ ಎಂದೇ ಬರೆದರೆ ಓದುಗನಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ‘16 ವರ್ಷದೊಳಗಿನವರ’ ಎಂಬ ಒಂದು ಮಾತು ಬಿಟ್ಟುಹೋದದ್ದರಿಂದಲೇ ಈ ಫಾರ್ವರ್ಡ್‌ನ ಅರ್ಥ ಬದಲಾಗಿದೆ.

ಇಬ್ಬರು ಪ್ರಣವ್, ಒಂದೇ ದೇಶ, ಒಂದೇ ವರ್ಷ

ನಮಗೆ ಬಂದ ಕೆಲವು ಸಂದೇಶಗಳಲ್ಲಿ ‘ಪ್ರಣವ್ 2025ರಲ್ಲಿ ವಿಶ್ವ ಜೂನಿಯರ್ ಚಾಂಪಿಯನ್ ಆದರು’ ಎಂಬ ಸಾಲೂ ಸೇರಿಕೊಂಡಿದೆ. ಇಲ್ಲಿ ಇಬ್ಬರನ್ನು ಒಬ್ಬರನ್ನಾಗಿ ಮಾಡಲಾಗಿದೆ.

ಚೆನ್ನೈನ ವಿ. ಪ್ರಣವ್ 2022ರ ಆಗಸ್ಟ್‌ನಲ್ಲಿ ರೊಮೇನಿಯಾದ ಬಾಯಾ ಮಾರೆ ಎಂಬ ಊರಿನಲ್ಲಿ ನಡೆದ ಟೂರ್ನಿಯಲ್ಲಿ ಭಾರತದ 75ನೇ ಗ್ರ್ಯಾಂಡ್‌ಮಾಸ್ಟರ್ ಆದರು. ಮರು ತಿಂಗಳೇ, ಅದೇ ರೊಮೇನಿಯಾದ ಮಮಾಯಾದಲ್ಲಿ ಬೆಂಗಳೂರಿನ ಪ್ರಣವ್ ಆನಂದ್ 76ನೆಯವರಾದರು. ಇಬ್ಬರೂ 2006ರಲ್ಲಿ ಹುಟ್ಟಿದವರು, ಆಗ ಇಬ್ಬರಿಗೂ 15. ಹೆಸರು, ವಯಸ್ಸು, ದೇಶ, ವರ್ಷ ಎಲ್ಲವೂ ಹೊಂದುವುದರಿಂದ ಗೊಂದಲ ಸಹಜ. 2025ರ ಮಾರ್ಚ್‌ನಲ್ಲಿ ಮಾಂಟೆನೆಗ್ರೊದ ಪೆಟ್ರೊವಾಚ್‌ನಲ್ಲಿ 20ರೊಳಗಿನವರ ವಿಶ್ವ ಪಟ್ಟ ಗೆದ್ದದ್ದು ಚೆನ್ನೈನ ಪ್ರಣವ್.

‘ಆನಂದ್’ ಎಂಬ ಹೆಸರು ಇನ್ನೊಂದು ತಪ್ಪಿಗೆ ದಾರಿ ಮಾಡಿದೆ. ಪ್ರಣವ್ ಆನಂದ್ ಅವರು ವಿಶ್ವನಾಥನ್ ಆನಂದ್ ಅವರ ಮಗನಲ್ಲ. ಹೆಸರು ಒಂದೇ ಆದ ಮಾತ್ರಕ್ಕೆ ನೆಂಟಸ್ತಿಕೆ ಬೆಳೆಯುವುದಿಲ್ಲ.

‘76’ ಎಂದರೆ ಏನು? ಗ್ರ್ಯಾಂಡ್‌ಮಾಸ್ಟರ್ ಆಗುವುದು ಹೇಗೆ?

ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ವಿಶ್ವನಾಥನ್ ಆನಂದ್, 1988ರಲ್ಲಿ. ಅಲ್ಲಿಂದ ಎಣಿಸುತ್ತಾ ಬಂದ ಕ್ರಮಸಂಖ್ಯೆಯೇ ಈ 76. ರೈಲಿನ ಟಿಕೆಟ್ ಸಾಲಿನಲ್ಲಿ 76ನೆಯವರಾಗಿ ಟಿಕೆಟ್ ಪಡೆದಂತೆ. ಯಾರು ಎಷ್ಟು ಬಲಶಾಲಿ ಎಂದು ಅದು ಹೇಳುವುದಿಲ್ಲ. 2024ರಲ್ಲಿ ಈ ಸಂಖ್ಯೆ 85 ಮುಟ್ಟಿತು.

ಪಟ್ಟಕ್ಕೆ ಮುಖ್ಯವಾಗಿ ಎರಡು ಷರತ್ತು. ಒಂದು, ರೇಟಿಂಗ್ ಒಮ್ಮೆಯಾದರೂ 2500 ಮುಟ್ಟಬೇಕು. ಎರಡು, ಮೂರು ‘ನಾರ್ಮ್’ ಗಳಿಸಬೇಕು. ನಾರ್ಮ್ ಎಂದರೆ ಒಂದು ಟೂರ್ನಿಯಲ್ಲಿ ಗ್ರ್ಯಾಂಡ್‌ಮಾಸ್ಟರ್ ಮಟ್ಟದ ಆಟ ಆಡಿದ್ದಕ್ಕೆ ಸಿಗುವ ಮಾನ್ಯತೆ. ಸಾಮಾನ್ಯವಾಗಿ ಕನಿಷ್ಠ 9 ಆಟಗಳಲ್ಲಿ 2600 ರೇಟಿಂಗ್‌ನವರು ತೋರಿಸುವಂಥ ಫಲಿತಾಂಶ ಬರಬೇಕು. ಎದುರಾಳಿಗಳಲ್ಲಿ ಗ್ರ್ಯಾಂಡ್‌ಮಾಸ್ಟರ್‌ಗಳು ಇರಬೇಕು. ಬೇರೆ ದೇಶದವರೂ ಇರಬೇಕು. ಒಂದು ಒಳ್ಳೆಯ ದಿನ ಸಾಲದು, ಮೂರು ಟೂರ್ನಿಗಳಲ್ಲಿ ಅದನ್ನು ಮತ್ತೆ ಮತ್ತೆ ತೋರಿಸಬೇಕು.

ಪ್ರಣವ್ ಆನಂದ್ ತಮ್ಮ ಮೂರು ನಾರ್ಮ್‌ಗಳನ್ನೂ 2022ರಲ್ಲೇ ಗಳಿಸಿದರು. ಜನವರಿಯಲ್ಲಿ ಸ್ಪೇನ್‌ನ ಸಿಟ್ಜೆಸ್, ಮಾರ್ಚ್‌ನಲ್ಲಿ ಹಂಗೇರಿ, ಜುಲೈನಲ್ಲಿ ಸ್ವಿಟ್ಜರ್ಲೆಂಡ್‌ನ ಬೀಲ್. ಸೆಪ್ಟೆಂಬರ್‌ನಲ್ಲಿ ರೊಮೇನಿಯಾದಲ್ಲಿ 2500. ಈ ನಾಲ್ಕು ಹೆಸರುಗಳನ್ನು ಓದುವಾಗ ಒಂದು ಮಾತು ಗಮನಿಸಿ: ನಾಲ್ಕೂ ಯುರೋಪಿನವು. ವಿಮಾನದ ಟಿಕೆಟ್, ವೀಸಾ, ಉಳಿಯುವ ಖರ್ಚು, ಜೊತೆಗೆ ಹೋಗುವ ಹಿರಿಯರ ರಜೆ ಇವು ಯಾವುವೂ ಫಾರ್ವರ್ಡ್‌ನಲ್ಲಿ ಕಾಣುವುದಿಲ್ಲ.

ಈ ಪಟ್ಟಕ್ಕೆ ವಯಸ್ಸಿನ ಮಿತಿಯೂ ಇಲ್ಲ. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಮೈಸೂರಿನ ಎಂ.ಎಸ್. ತೇಜ್‌ಕುಮಾರ್ 2017ರಲ್ಲಿ ಪಟ್ಟ ಪಡೆದಾಗ ಮೂವತ್ತು ದಾಟಿದ್ದರು. ಅವರು ನೈಋತ್ಯ ರೈಲ್ವೆಯ ಉದ್ಯೋಗಿ. ತಮಿಳುನಾಡಿನ ಪಿ. ಶ್ಯಾಮ್‌ನಿಖಿಲ್ 2012ರ ಹೊತ್ತಿಗೆ 2500 ರೇಟಿಂಗ್, ಎರಡು ನಾರ್ಮ್ ಎರಡನ್ನೂ ಗಳಿಸಿದ್ದರು. ಮೂರನೇ ನಾರ್ಮ್ ದುಬೈನಲ್ಲಿ ಸಿಕ್ಕಿದ್ದು 2024ರಲ್ಲಿ. ಹನ್ನೆರಡು ವರ್ಷ ಕಾದು ಅವರು ಭಾರತದ 85ನೆಯವರಾದರು. ಈ ಕಥೆಯನ್ನು ‘ಹತ್ತು ಗುಂಪಿಗೆ ಕಳಿಸಿ’ ಎಂದು ಯಾರೂ ಬರೆದಂತಿಲ್ಲ.

ರೇಟಿಂಗ್‌ನ ಲೆಕ್ಕ, ಬೀಲ್ ಎಂಬ ಊರಿನ ಪಾಠ

ಆಟಗಾರನ ಬಲವನ್ನು ಹೇಳುವುದು ರೇಟಿಂಗ್. ಹಂಗೇರಿ ಮೂಲದ ಅಮೆರಿಕನ್ ಭೌತಶಾಸ್ತ್ರ ಪ್ರಾಧ್ಯಾಪಕ ಅರ್ಪಾದ್ ಎಲೊ ರೂಪಿಸಿದ ಈ ಪದ್ಧತಿಯನ್ನು ಫಿಡೆ 1970ರಲ್ಲಿ ಒಪ್ಪಿಕೊಂಡಿತು. ಹೆಚ್ಚು ರೇಟಿಂಗ್ ಇರುವವರನ್ನು ಸೋಲಿಸಿದರೆ ಹೆಚ್ಚು ಅಂಕ, ಕಡಿಮೆ ಇರುವವರ ಎದುರು ಸೋತರೆ ದೊಡ್ಡ ನಷ್ಟ. ಇಬ್ಬರ ನಡುವೆ 200 ಅಂಕಗಳ ಅಂತರವಿದ್ದರೆ, 100 ಆಟಗಳಲ್ಲಿ ಮೇಲಿನವರು ಸುಮಾರು 76 ಅಂಕ, ಕೆಳಗಿನವರು ಸುಮಾರು 24 ಅಂಕ ಪಡೆಯುತ್ತಾರೆ ಎಂಬುದು ಈ ಲೆಕ್ಕದ ನಿರೀಕ್ಷೆ.

ಈಗ 2022ರ ಜುಲೈಗೆ ಬನ್ನಿ. ಬೀಲ್‌ನ ಚೆಸ್ ಉತ್ಸವದಲ್ಲಿ ಹಲವು ಟೂರ್ನಿಗಳು ಒಟ್ಟಿಗೆ ನಡೆಯುತ್ತವೆ. ಪ್ರಣವ್ ಆನಂದ್ ತಮ್ಮ ಮೂರನೇ ನಾರ್ಮ್ ಗಳಿಸಿದ್ದು ಅಲ್ಲಿ. ಅದೇ ಉತ್ಸವದ ಗ್ರ್ಯಾಂಡ್‌ಮಾಸ್ಟರ್ ವಿಭಾಗದಲ್ಲಿ ಆಡುತ್ತಿದ್ದ, 2006ರಲ್ಲೇ ಹುಟ್ಟಿದ ಗುಕೇಶ್ ಅವರ ಲೈವ್ ರೇಟಿಂಗ್ 2700 ದಾಟಿತು. ಹುಟ್ಟಿದ್ದು ಒಂದೇ ವರ್ಷ, ಆಡಿದ್ದು ಒಂದೇ ಊರು, ಒಂದೇ ತಿಂಗಳು. ಒಬ್ಬರು 2500ರ ಹೊಸ್ತಿಲಲ್ಲಿ, ಇನ್ನೊಬ್ಬರು 2700ರ ಹೊಸ್ತಿಲಲ್ಲಿ. ನಡುವೆ ಇರುವುದು ಮೇಲೆ ಹೇಳಿದ 76ಕ್ಕೆ 24ರ ಅಂತರ.

ಇದರಿಂದ ಪ್ರಣವ್ ಅವರ ಗೆಲುವು ಸಣ್ಣದಾಗುವುದಿಲ್ಲ. ಚೆಸ್‌ನಲ್ಲಿ ಮೆಟ್ಟಿಲುಗಳು ಎಷ್ಟಿವೆ ಎಂಬುದು ಗೊತ್ತಾಗುತ್ತದೆ. 2700 ಮುಟ್ಟಿದ ಹದಿಹರೆಯದವರು ಸಾಮಾನ್ಯವಾಗಿ ವಯೋಮಿತಿಯ ಟೂರ್ನಿಗಳಿಗೆ ಹೋಗುವುದೇ ಇಲ್ಲ. ಹಿರಿಯರ ಜೊತೆ ಆಡುತ್ತಾರೆ.

ಕೊನೆಯ ಮೆಟ್ಟಿಲು ಹೇಗಿರುತ್ತದೆ?

2024ರ ಏಪ್ರಿಲ್‌ನಲ್ಲಿ ಕೆನಡಾದ ಟೊರಾಂಟೊದಲ್ಲಿ ಕ್ಯಾಂಡಿಡೇಟ್ಸ್ ಟೂರ್ನಿ ನಡೆಯಿತು. ವಿಶ್ವ ಚಾಂಪಿಯನ್‌ಗೆ ಸವಾಲು ಹಾಕುವವರು ಯಾರು ಎಂದು ತೀರ್ಮಾನಿಸುವ ಟೂರ್ನಿ ಇದು. ಎಂಟೇ ಆಟಗಾರರು, ಪ್ರತಿಯೊಬ್ಬರೂ ಉಳಿದ ಏಳು ಜನರ ಜೊತೆ ಎರಡೆರಡು ಸಲ, ಒಟ್ಟು 14 ಸುತ್ತು. ಏಳನೇ ಸುತ್ತಿನಲ್ಲಿ ಗುಕೇಶ್ ಗಡಿಯಾರದ ಒತ್ತಡಕ್ಕೆ ಸಿಕ್ಕಿ ಅಲಿರೆಜಾ ಫಿರೌಜಾ ಎದುರು ಸೋತರು. ಟೂರ್ನಿಯಲ್ಲಿ ಅದೊಂದೇ ಸೋಲು. ಕೊನೆಗೆ 9 ಅಂಕಗಳೊಂದಿಗೆ ಗೆದ್ದಾಗ ಅವರಿಗೆ 17. ಈ ಟೂರ್ನಿಯನ್ನು ಅಷ್ಟು ಚಿಕ್ಕ ವಯಸ್ಸಿನಲ್ಲಿ ಗೆದ್ದವರು ಬೇರೆ ಇಲ್ಲ.

ನವೆಂಬರ್, ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ನಡೆದ, ಚೀನಾದ ಡಿಂಗ್ ಲಿರೆನ್ ವಿರುದ್ಧದ 14 ಆಟಗಳ ಪಂದ್ಯದಲ್ಲಿ ಮೊದಲ ಆಟವನ್ನೇ ಗುಕೇಶ್ ಸೋತರು. ಹನ್ನೆರಡನೆಯದನ್ನೂ ಸೋತರು. ಹದಿನಾಲ್ಕನೆಯದು ಡ್ರಾ ಆಗಬಹುದು ಎನ್ನುವಾಗ 55ನೇ ನಡೆಯಲ್ಲಿ ಡಿಂಗ್ ಆನೆಯನ್ನು ತಪ್ಪು ಮನೆಗೆ ಇಟ್ಟರು. ಗುಕೇಶ್ 7.5–6.5ರಿಂದ ಗೆದ್ದು 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದರು. ಗಂಟೆಗಟ್ಟಲೆ ಆಡಿದ ಮೇಲೂ ಒಂದೇ ನಡೆಗೆ ಎಲ್ಲ ತಲೆಕೆಳಗಾಗುವ ಜಾಗ ಇದು.

ಚೆಸ್ ಆಡಿದರೆ ಗಣಿತದಲ್ಲಿ ಅಂಕ ಹೆಚ್ಚುತ್ತದೆಯೇ?

ಸಂದೇಶದ ಈ ಸಾಲಿಗೆ ಪಾಲಕರು ಬೇಗ ಸೋಲುತ್ತಾರೆ. ಇಂಗ್ಲೆಂಡಿನ ಎಜುಕೇಶನ್ ಎಂಡೋಮೆಂಟ್ ಫೌಂಡೇಶನ್ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 100 ಶಾಲೆಗಳ ಸುಮಾರು 4,000 ಮಕ್ಕಳಿದ್ದರು. ಅರ್ಧದಷ್ಟು ಶಾಲೆಗಳಲ್ಲಿ ತರಗತಿಯ ಸಮಯದಲ್ಲೇ ಚೆಸ್ ಕಲಿಸಿದರು, ಉಳಿದ ಶಾಲೆಗಳಲ್ಲಿ ಎಂದಿನ ಪಾಠ. ಒಂದು ವರ್ಷ ಬಿಟ್ಟು ಪರೀಕ್ಷೆ ಮಾಡಿದಾಗ ಗಣಿತದ ಅಂಕಗಳಲ್ಲಿ ಚೆಸ್ ಕಲಿತವರಿಗೆ ಯಾವ ಲಾಭವೂ ಕಾಣಲಿಲ್ಲ.

ಹಾಗಾದರೆ ಚೆಸ್ ಆಡುವ ಮಕ್ಕಳು ಜಾಣರು ಎಂದು ಅನ್ನಿಸುವುದೇಕೆ? ಬಹಳ ಸಲ, ಓದಿನಲ್ಲಿ ಮುಂದಿರುವ ಮಕ್ಕಳನ್ನೇ ಚೆಸ್‌ಗೆ ಸೇರಿಸಿರುತ್ತಾರೆ. ಕಾರಣ ಯಾವುದು, ಪರಿಣಾಮ ಯಾವುದು ಎಂಬುದು ಅದಲು ಬದಲಾಗುತ್ತದೆ.

1973ರಲ್ಲಿ ಅಮೆರಿಕದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಮಾಡಿದ ಪ್ರಯೋಗವನ್ನೂ ಇಲ್ಲಿ ನೆನೆಯಬೇಕು. ನಿಜವಾದ ಆಟದ ಮಧ್ಯದ ಬೋರ್ಡನ್ನು 5 ಸೆಕೆಂಡ್ ತೋರಿಸಿದರೆ, ಕಾಯಿಗಳು ಎಲ್ಲೆಲ್ಲಿದ್ದವು ಎಂದು ಪಳಗಿದ ಆಟಗಾರ ಹೊಸಬನಿಗಿಂತ ಎಷ್ಟೋ ಚೆನ್ನಾಗಿ ಹೇಳಿದ. ಅದೇ ಕಾಯಿಗಳನ್ನು ಅಡ್ಡಾದಿಡ್ಡಿ ಇಟ್ಟು ತೋರಿಸಿದಾಗ ಆ ಮೇಲುಗೈ ಹೆಚ್ಚುಕಡಿಮೆ ಮಾಯವಾಯಿತು. ಅಂದರೆ ಅವನ ನೆನಪಿನ ಶಕ್ತಿ ಎಲ್ಲ ವಿಷಯಕ್ಕೂ ಬೆಳೆದಿರಲಿಲ್ಲ, ಚೆಸ್‌ನ ವಿನ್ಯಾಸಗಳು ಅವನಿಗೆ ಕಂಠಪಾಠವಾಗಿದ್ದವು. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯನ್ನು ಮುಟ್ಟಿದ ಕೂಡಲೇ ಅದರ ದರ್ಜೆ ಹೇಳುವ ವ್ಯಾಪಾರಿಯಂತೆ. ಆ ಪರಿಣತಿ ಅಡಿಕೆ ವ್ಯಾಪಾರದಲ್ಲಿ ತಾನಾಗಿಯೇ ಕೆಲಸ ಮಾಡುವುದಿಲ್ಲ.

ಮಗು ಚೆಸ್ ಆಡಲಿ. ಖುಷಿಗಾಗಿ, ಗೆಳೆಯರಿಗಾಗಿ, ಸೋತು ಕೈಕುಲುಕುವುದನ್ನು ಕಲಿಯಲಿಕ್ಕಾಗಿ ಆಡಲಿ. ಗಣಿತದ ಅಂಕ ಬೇಕಿದ್ದರೆ ಗಣಿತವನ್ನೇ ಓದಬೇಕು.

6,000 ಕ್ಯಾಲೊರಿ ಎಲ್ಲಿಂದ ಬಂತು?

2019ರಲ್ಲಿ ಅಮೆರಿಕದ ಕ್ರೀಡಾ ಮಾಧ್ಯಮ ಇಎಸ್‌ಪಿಎನ್ ಪ್ರಕಟಿಸಿದ ಲೇಖನದಿಂದ ಈ ಸಂಖ್ಯೆ ಜಗತ್ತಿಗೆಲ್ಲ ಹಬ್ಬಿತು. ಆಟದ ಒತ್ತಡದಲ್ಲಿ ಉಸಿರಾಟ, ರಕ್ತದೊತ್ತಡ ಏರುವುದನ್ನು ಆಧರಿಸಿ ವಿಜ್ಞಾನಿಯೊಬ್ಬರು ಹೇಳಿದ ಅಂದಾಜು ಅದು. ಆಟಗಾರರ ದೇಹದ ಖರ್ಚನ್ನು ದಿನವಿಡೀ ನೇರವಾಗಿ ಅಳೆದು ಪಡೆದ ಸಂಖ್ಯೆ ಅಲ್ಲ. ವಿಶ್ರಾಂತಿಯಲ್ಲಿರುವ ದೇಹದ ಶಕ್ತಿಯಲ್ಲಿ ಸುಮಾರು ಶೇ 20ರಷ್ಟನ್ನು ಮೆದುಳು ಬಳಸುತ್ತದೆ. ಗಟ್ಟಿಯಾಗಿ ಯೋಚಿಸಿದಾಗ ಈ ಖರ್ಚು ಏರುವುದು ಸ್ವಲ್ಪವೇ.

ಒತ್ತಡ ಮಾತ್ರ ನಿಜ. 1984ರಲ್ಲಿ ಮಾಸ್ಕೊದಲ್ಲಿ ಕಾರ್ಪೊವ್ ಮತ್ತು ಕಾಸ್ಪರೋವ್ ನಡುವೆ ಶುರುವಾದ ವಿಶ್ವ ಚಾಂಪಿಯನ್‌ಶಿಪ್ 48 ಆಟ ಆದರೂ ಮುಗಿಯದೆ 1985ರ ಫೆಬ್ರುವರಿಯಲ್ಲಿ ನಿಂತುಹೋಯಿತು. ಆ ಹೊತ್ತಿಗೆ ಕಾರ್ಪೊವ್ ಕಣ್ಣಿಗೆ ಕಾಣುವಷ್ಟು ಇಳಿದಿದ್ದರು. ಸರಿಯಾಗಿ ಊಟ, ನಿದ್ದೆ ಇಲ್ಲದೆ ತಿಂಗಳುಗಟ್ಟಲೆ ಒತ್ತಡದಲ್ಲಿದ್ದರೆ ಯಾರೇ ಆದರೂ ತೂಕ ಕಳೆದುಕೊಳ್ಳುತ್ತಾರೆ. ಪಾಲಕರಿಗೆ ಇದರಿಂದ ಸಿಗುವ ಸೂಚನೆ ಸರಳ: ಆಟದ ಮುಂಚಿನ ರಾತ್ರಿ ಮಗುವಿಗೆ ನಿದ್ದೆ ಬೇಕು. ‘ಶಕ್ತಿ ಬರಲಿ’ ಎಂದು ಸಿಹಿ ತುಂಬುವುದು ಬೇಕಿಲ್ಲ.

ಹಾಗಾದರೆ ಶಾಲೆ ಬಿಡಿಸಬೇಕೇ?

ಗುಕೇಶ್ ಅವರನ್ನು ನಾಲ್ಕನೇ ತರಗತಿಯ ನಂತರ ಪೂರ್ಣಾವಧಿ ಶಾಲೆಯಿಂದ ಬಿಡಿಸಿದ್ದು ನಿಜ. ವೈದ್ಯರಾದ ತಂದೆ ತಮ್ಮ ವೃತ್ತಿಗೆ ವಿರಾಮ ಕೊಟ್ಟು ಮಗನ ಜೊತೆ ದೇಶ ದೇಶ ತಿರುಗಿದರು. ಮನೆಯ ಖರ್ಚನ್ನು ತಾಯಿಯ ಸಂಬಳ ತೂಗಿಸಿತು. ಇದನ್ನು ಆ ಕುಟುಂಬವೇ ಬಹಿರಂಗವಾಗಿ ಹೇಳಿದೆ. ಆದರೆ ವಿಶ್ವನಾಥನ್ ಆನಂದ್ ಚೆನ್ನೈನ ಲಯೋಲಾ ಕಾಲೇಜಿನಲ್ಲಿ ವಾಣಿಜ್ಯ ಪದವಿ ಓದಿದವರು. ದಾರಿ ಒಂದೇ ಅಲ್ಲ.

ಇನ್ನೊಂದು ಎಚ್ಚರಿಕೆಯೂ ಬೇಕು. ಶಾಲೆ ಬಿಟ್ಟು ಗೆದ್ದವರ ಕಥೆ ನಮ್ಮ ಮೊಬೈಲಿಗೆ ಬರುತ್ತದೆ. ಶಾಲೆ ಬಿಟ್ಟೂ 2000 ರೇಟಿಂಗ್‌ನಲ್ಲೇ ನಿಂತುಹೋದ ಮಗುವಿನ ಕಥೆ ಬರುವುದಿಲ್ಲ. ಲಾಟರಿ ಹೊಡೆದವನ ಫೋಟೊ ಮಾತ್ರ ಪತ್ರಿಕೆಯಲ್ಲಿ ಬರುವಂತೆ. ಗೆದ್ದವರನ್ನಷ್ಟೇ ನೋಡಿ ಲೆಕ್ಕ ಹಾಕಿದರೆ ಲೆಕ್ಕ ಯಾವಾಗಲೂ ನಮ್ಮ ಆಸೆಯ ಕಡೆಗೇ ವಾಲುತ್ತದೆ. ಗುಕೇಶ್ ಅವರ ಮನೆಯಲ್ಲೂ ಒಂದು ಸ್ಥಿರ ಸಂಬಳ ಇತ್ತು ಎಂಬುದನ್ನು ಮರೆಯಬಾರದು. ಮಳೆ ನಂಬಿದ ಗೋವಿನಜೋಳ, ಹತ್ತಿಯ ಮನೆಯಲ್ಲಿ ಆ ಆಸರೆ ಇರುವುದಿಲ್ಲ.

ನಮ್ಮ ತಾಲ್ಲೂಕಿನ ಮಗು ಎಲ್ಲಿಂದ ಶುರು ಮಾಡಬಹುದು?

• ಶಾಲೆಯಿಂದಲೇ. ಶಿಕ್ಷಣ ಇಲಾಖೆಯ ಕ್ರೀಡಾಕೂಟಗಳಲ್ಲಿ ಚೆಸ್ ಕೂಡ ಇದೆ. ದೈಹಿಕ ಶಿಕ್ಷಕರನ್ನು ಕೇಳಿ. ತಾಲ್ಲೂಕು, ಜಿಲ್ಲೆ ಹೀಗೆ ಮೇಲಕ್ಕೆ ಹೋಗಬಹುದು.
• ಮೊಬೈಲಿನಲ್ಲಿ ಅಭ್ಯಾಸ. ಲಿಚೆಸ್ ಎಂಬ ತಾಣ ಪೂರ್ತಿ ಉಚಿತ, ಜಾಹೀರಾತೂ ಇಲ್ಲ. ಆಡಿದ ಆಟದಲ್ಲಿ ತಪ್ಪೆಲ್ಲಾಯಿತು ಎಂದು ಅದೇ ತೋರಿಸುತ್ತದೆ. ದಿನಕ್ಕೆ ಇಷ್ಟೇ ಹೊತ್ತು ಎಂದು ಮನೆಯಲ್ಲಿ ನಿಗದಿ ಮಾಡಿ.
• ನಂತರ ರೇಟಿಂಗ್ ಟೂರ್ನಿ. ಫಿಡೆ ರೇಟಿಂಗ್ ಪಡೆಯಲು ರೇಟಿಂಗ್ ಇರುವ ಕನಿಷ್ಠ 5 ಜನರ ಎದುರು ಆಡಿರಬೇಕು. 2024ರ ಮಾರ್ಚ್‌ನಿಂದ ಪಟ್ಟಿಯ ಕನಿಷ್ಠ ರೇಟಿಂಗ್ 1400. ಹುಬ್ಬಳ್ಳಿ, ದಾವಣಗೆರೆಯಂಥ ಹತ್ತಿರದ ಊರಿನಲ್ಲಿ ಟೂರ್ನಿ ಇದ್ದಾಗ ರಜೆಯಲ್ಲಿ ಒಂದೆರಡು ಆಡಿಸಿ ನೋಡಿ.
• ಮಗುವನ್ನು ಗಮನಿಸಿ. ಸೋತ ಆಟವನ್ನು ಮರುದಿನ ತಾನಾಗಿಯೇ ಮತ್ತೆ ಬೋರ್ಡಿನ ಮೇಲೆ ಜೋಡಿಸಿ ನೋಡುವ ಮಗುವಿಗೆ ಆಟದ ಮೇಲೆ ಪ್ರೀತಿ ಇದೆ. ಸೋತರೆ ಅಪ್ಪ ಬೈಯುತ್ತಾನೆ ಎಂದು ಅಳುವ ಮಗುವಿಗೆ ಮೊದಲು ಅಪ್ಪನ ಸಮಾಧಾನ ಬೇಕು.
• ಅಕಾಡೆಮಿಗೆ ಹಣ ಕಟ್ಟುವ ಮುನ್ನ ಕೇಳಿ: ಕಲಿಸುವವರ ಫಿಡೆ ರೇಟಿಂಗ್ ಎಷ್ಟು? ಅಲ್ಲಿ ಕಲಿತ ಮಕ್ಕಳ ರೇಟಿಂಗ್ ಎರಡು ವರ್ಷದಲ್ಲಿ ಎಷ್ಟು ಏರಿದೆ? ‘ಗ್ರ್ಯಾಂಡ್‌ಮಾಸ್ಟರ್ ಮಾಡಿಸುತ್ತೇವೆ’ ಎಂದು ಮಾತು ಕೊಡುವವರಿಂದ ದೂರ ಇರಿ. ಆ ಮಾತನ್ನು ಯಾರೂ ಕೊಡಲಾರರು.

ಫಾರ್ವರ್ಡ್ ಮಾಡುವ ಮುನ್ನ ಎರಡು ನಿಮಿಷ

ಚೆಸ್ ಸುದ್ದಿಯನ್ನು ಪರಿಶೀಲಿಸುವುದು ಸುಲಭ. ಫಿಡೆಯ ರೇಟಿಂಗ್ ತಾಣದಲ್ಲಿ ಆಟಗಾರನ ಹೆಸರು ಹಾಕಿದರೆ ದೇಶ, ಹುಟ್ಟಿದ ವರ್ಷ, ಪಟ್ಟ, ಈಗಿನ ರೇಟಿಂಗ್ ಎಲ್ಲವೂ ಉಚಿತವಾಗಿ ಸಿಗುತ್ತದೆ. ಸಂದೇಶದಲ್ಲಿ ‘ವಿಶ್ವ ಚಾಂಪಿಯನ್’ ಎಂದಿದ್ದರೆ ಯಾವ ವಯಸ್ಸಿನ ವಿಭಾಗ ಎಂದು ನೋಡಿ. ಸಂಖ್ಯೆ ಇದ್ದರೆ ಅದು ರ‍್ಯಾಂಕೋ ಕ್ರಮಸಂಖ್ಯೆಯೋ ನೋಡಿ. ದಿನಾಂಕ ಇಲ್ಲದಿದ್ದರೆ ಹುಡುಕಿ ಸೇರಿಸಿ. 2022ರ ಹುಡುಗ ಈಗಲೂ 15ರಲ್ಲೇ ನಿಂತಿರುವುದಿಲ್ಲ.

ಹಂಚಲೇಬೇಕು ಎನ್ನುವವರು ಈ ಸಾಲುಗಳನ್ನು ನಕಲು ಮಾಡಿಕೊಳ್ಳಬಹುದು:

“ಬೆಂಗಳೂರಿನ ಪ್ರಣವ್ ಆನಂದ್ 2022ರ ಸೆಪ್ಟೆಂಬರ್‌ನಲ್ಲಿ, ತಮ್ಮ 15ನೇ ವಯಸ್ಸಿನಲ್ಲಿ, ರೊಮೇನಿಯಾದಲ್ಲಿ ನಡೆದ ವಿಶ್ವ ಯೂತ್ ಚೆಸ್‌ನಲ್ಲಿ 16 ವರ್ಷದೊಳಗಿನವರ ಚಿನ್ನ ಗೆದ್ದರು. ಅದೇ ಟೂರ್ನಿಯಲ್ಲಿ ಭಾರತದ 76ನೇ ಗ್ರ್ಯಾಂಡ್‌ಮಾಸ್ಟರ್ ಆದರು.”

ಇದರಲ್ಲೂ ಹೆಮ್ಮೆಗೆ ಏನೂ ಕಡಿಮೆ ಇಲ್ಲ.

ಹಾನಗಲ್ ಕಡೆಯ ಆ ತಾಯಿಗೆ ನಾವು ಉತ್ತರ ಕಳಿಸಿದೆವು. ಹುಡುಗ ಖಂಡಿತ ಆಡಲಿ, ಶಾಲೆಯೂ ನಡೆಯಲಿ. ಈ ವರ್ಷ ತಾಲ್ಲೂಕು ಮಟ್ಟ, ಬೇಸಿಗೆ ರಜೆಯಲ್ಲಿ ಒಂದು ರೇಟಿಂಗ್ ಟೂರ್ನಿ, ಆಮೇಲೆ ಕುಳಿತು ಮಾತಾಡಿ ಎಂದೆವು. ಮರುದಿನ ಧ್ವನಿಮುದ್ರಿಕೆ ಬಂತು. “ಅವರಪ್ಪಗ ಓದಿ ಹೇಳೇನ್ರಿ. ಬೆಂಗಳೂರಿನ ಮಾತು ಈಗ ಬ್ಯಾಡಂದ್ರ. ರಜಾದಾಗ ಹುಬ್ಬಳ್ಳಿಗೆ ತಾವೇ ಕರಕೊಂಡು ಹೋಗ್ತಾರಂತ.” ಹಿಂದಿನಿಂದ ಹುಡುಗನ ದನಿ ಕೇಳುತ್ತಿತ್ತು. ಟೂರ್ನಿ ಯಾವಾಗ ಎಂದು ಕೇಳುತ್ತಿದ್ದ.